ಕೊಳೆಯಾಗದ ಪುಸ್ತಕಗಳು

ಫೆಬ್ರವರಿಯ ಒಂದು ಶುಕ್ರವಾರ ಬೆಳಿಗ್ಗೆ ಇಲಿನಾಯ್ಸಿನ ನಮ್ಮೂರು ಅರೋರಾದ ಸ್ಟೇಷನ್ನಿನಲ್ಲಿ ಹದಿನಾಲ್ಕು ಡಿಗ್ರಿ ಫ್ಯಾರನ್‌ಹೀಟಿನ, ಅಂದರೆ ಸೊನ್ನೆಗಿಂತ ಹತ್ತು ಸೆಲ್ಸಿಯಸ್ ಕೆಳಗಿನ ಚಳಿ. ರೈಲು ಹತ್ತಿಸಲು ಬಂದ ನಮ್ಮ ಮನೆಯವರು, "ಕಪಾಟ ನೋಡಾಕ ಇನ್ನೂರೈವತ್ತು ಮೈಲಿ ಹೊಂಟಿಯಲ್ಲ, ಮನ್ಯಾಗಿನ ಕಪಾಟಿನ ಧೂಳ ಯಾವಾಗರ ನೋಡೀಯೇನು?" ಎಂದು ಕಾಡಿದರು. ತಿರುಗೇಟು ಕೊಡೋಣವೆಂದರೆ ಹಲ್ಲು ಕಟಕಟ ಎನ್ನುತ್ತಿದ್ದವು.

ಅವರು ಹೇಳಿದ್ದು ನಿಜವೇ. ನಾನು ಹೊರಟಿದ್ದು ಒಂದು ಕಪಾಟು ನೋಡುವುದಕ್ಕೆ. ಗದಗಿನಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವಳು ಈಗ ಇಲ್ಲಿ ಭಾನುವಾರದ ಕನ್ನಡ ತರಗತಿ ನಡೆಸುತ್ತೇನೆ. ನಮ್ಮೂರ ಲೈಬ್ರರಿಯಲ್ಲಿ ಕನ್ನಡದ ಮಕ್ಕಳ ಪುಸ್ತಕ ಇಡಿಸಬೇಕೆಂಬುದು ನನ್ನ ಹಟ. ಮಿಷಿಗನ್ನಿನ ಪ್ಲಿಮತ್ ಪಕ್ಕದ ಊರೊಂದರಲ್ಲಿ ಮೈಸೂರಿನ ವಸುಧಾ ಎಂಬುವರು ತಮ್ಮ ದುಡ್ಡಿನಲ್ಲಿ ಪುಸ್ತಕ ತರಿಸಿ ಲೈಬ್ರರಿಗೆ ಕೊಟ್ಟಿದ್ದರು. ಅವು ಕಪಾಟಿನಲ್ಲಿ ನಿಲ್ಲುವುದೇ ಇಲ್ಲವಂತೆ, ಅಷ್ಟು ಬೇಡಿಕೆಯಂತೆ. ಹೇಗೆ ಮಾಡಿದರೆಂದು ಕೇಳಿಕೊಂಡು ಬರುವುದು, ಅಲ್ಲಿನ ಲೈಬ್ರೇರಿಯನ್‌ರಿಂದ ನಮ್ಮೂರ ಲೈಬ್ರರಿಯವರಿಗೆ ಒಂದು ಮಾತು ಹೇಳಿಸುವುದು ನನ್ನ ಲೆಕ್ಕಾಚಾರವಾಗಿತ್ತು.

ಶಿಕಾಗೊದಲ್ಲಿ ರೈಲು ಬದಲಿಸಿದೆ. ವಸುಧಾ ಅವರ ಊರಿಗೆ ಹತ್ತಿರದ ಸ್ಟೇಷನ್ ಆನ್ ಆರ್ಬರ್‌ವರೆಗೆ ನಲವತ್ತು ಚಿಲ್ಲರೆ ಡಾಲರ್. ಗ್ಯಾರಿ ಊರಿನ ಕಾರ್ಖಾನೆಗಳು, ಆಮೇಲೆ ಮೈಲಿಗಟ್ಟಲೆ ಹಿಮ ಬಿದ್ದ ಹೊಲ, ಸಣ್ಣ ಊರುಗಳಲ್ಲಿ ಬಾಗಿಲಿಗೆ ಹಲಗೆ ಬಡಿದ ಅಂಗಡಿಗಳು. ಕಲಮಜೂ ದಾಟಿದ ಮೇಲೆ ಹಿಮ ಜೋರಾಗಿ ರೈಲು ಬಹಳ ಹೊತ್ತು ನಿಂತಿತು. ಕಟ್ಟಿಕೊಂಡು ಬಂದ ಚಪಾತಿ, ಶೇಂಗಾ ಚಟ್ನಿಯನ್ನು ಅಲ್ಲಿಯೇ ಮುಗಿಸಿದೆ.

ಆನ್ ಆರ್ಬರಿನಲ್ಲಿ ವಸುಧಾ ಕಾರು ತಂದಿದ್ದರು. ಐವತ್ತು ದಾಟಿದ ಚುರುಕು ಹೆಂಗಸು. ಅವರೂ ಮೈಸೂರಿನಲ್ಲಿ ಮೇಷ್ಟರ ಕೆಲಸ ಮಾಡಿದವರೇ. ಡಿಕ್ಕಿಯಲ್ಲಿ ನನ್ನ ಸೂಟ್‌ಕೇಸಿಗೆ ಜಾಗವಿರಲಿಲ್ಲ. ಎರಡು ದೊಡ್ಡ ಬಟ್ಟೆ ಚೀಲಗಳ ತುಂಬ ಕನ್ನಡದ ಮಕ್ಕಳ ಪುಸ್ತಕಗಳಿದ್ದವು.

"ನಾಳೆ ರಿಟರ್ನ್ ಮಾಡ್ಬೇಕು ಕಣ್ರಿ. ಈ ಸಲದ ಟರ್ನ್ ನಂದು," ಎಂದರು.

"ಎಷ್ಟು ಹುಡುಗರು ಓದಿದ್ರೀ ಇವನ್ನ?"

ಅವರು ಸೂಟ್‌ಕೇಸನ್ನು ಹಿಂದಿನ ಸೀಟಿಗೆ ತಳ್ಳಿದರು. ಉತ್ತರ ಬಂದದ್ದು ಮನೆಯಲ್ಲಿ, ಹುಳಿ ಅನ್ನದ ಮುಂದೆ ಕೂತಾಗ. "ಯಾರೂ ತಗೊಂಡು ಹೋಗ್ದೇ ಇರೋ ಪುಸ್ತಕನ ಲೈಬ್ರರಿಯವರು ತೆಗೆದುಬಿಡ್ತಾರೆ. ಅದಕ್ಕೇ ನಾವೊಂದಷ್ಟು ತಾಯಂದಿರು ಟರ್ನ್ ಹಾಕ್ಕೊಂಡಿದೀವಿ. ಒಬ್ರು ರಿಟರ್ನ್ ಮಾಡ್ತಿದ್ದಂಗೇ ಇನ್ನೊಬ್ರು ಚೆಕೌಟ್ ಮಾಡಿ ಮನೆಗೆ ತಗೊಂಡು ಹೋಗ್ತಾರೆ."

"ಮತ್ತ ಓದೋದು?"

"ಶೆಲ್ಫ್ ಅಂತ ಒಂದಿದ್ರೆ ತಾನೆ, ಯಾವತ್ತಾದ್ರೂ ಯಾವುದಾದ್ರೂ ಮಗು ಕೈ ಹಾಕೋದು?"

ನನಗೆ ಮೊದಲು ನಗು ಬಂತು, ಹಿಂದೆಯೇ ಸಂಕಟವಾಯಿತು. ದೂರದ ಬೆಟ್ಟ ನುಣ್ಣಗೆ ಎಂದು ಆಡಿಕೊಳ್ಳುವುದು ಸುಲಭ. ಆದರೆ ಆಕೆ ಆ ಕಪಾಟನ್ನು ಉಳಿಸಿಕೊಳ್ಳಲು ಪಡುತ್ತಿದ್ದ ಪಾಡು ನೋಡಿದರೆ ಬೈಯಲು ಬಾಯಿ ಬರಲಿಲ್ಲ.

ಶನಿವಾರ ಲೈಬ್ರರಿಗೆ ಹೋದೆವು. ಮುಂದಿನ ಟರ್ನಿನ ತಾಯಿ ಹತ್ತು ವರ್ಷದ ಮಗಳು ಅನ್ವಿಯೊಂದಿಗೆ ಕಾಯುತ್ತಿದ್ದಳು. ವಸುಧಾ ಅವರೂ ಅಲ್ಲಿ ಕನ್ನಡ ತರಗತಿ ನಡೆಸುತ್ತಾರೆ, ಅನ್ವಿ ಆ ತರಗತಿಯ ಹುಡುಗಿ. ಚೀಲ ಇಳಿಸುತ್ತಿದ್ದಂತೆ ಮಕ್ಕಳ ವಿಭಾಗದ ಲೈಬ್ರೇರಿಯನ್, ನರೆಗೂದಲಿನ ಅಮೆರಿಕನ್ ಹೆಂಗಸು, ನಮ್ಮನ್ನು ಮೇಜಿನ ಬಳಿ ಕರೆದರು. ಒಂದು ಇಂಗ್ಲಿಷ್ ಚಿತ್ರಪುಸ್ತಕ ಇಟ್ಟರು. ಬೆನ್ನಿಗೆ ಪದರ ಪದರ ಟೇಪು, ಯಾವುದೋ ಕೂಸು ಕಚ್ಚಿದ ಮೂಲೆ, ಜಾಮ್ ಹತ್ತಿ ಅಂಟಿಕೊಂಡ ಪುಟ. ಅದರ ಪಕ್ಕದಲ್ಲಿ ನಮ್ಮದೊಂದು.

"ಮಕ್ಕಳು ಓದಿದ ಪುಸ್ತಕ ಹೀಗಿರುತ್ತದೆ," ಎಂದರು. "ನಿಮ್ಮವು ಎಷ್ಟೋ ಸಲ ಮನೆಗಳಿಗೆ ಹೋಗಿ ಬಂದಿವೆ. ಒಂದರಲ್ಲೂ ಒಂದು ಕಲೆಯಿಲ್ಲ." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಮಗೆ ಎದುರು ಮಾತಾಡಲು ಸಲೀಸಾಗುತ್ತಿತ್ತು.

ವಸುಧಾ ಅವಸರದಲ್ಲಿ ಪುಸ್ತಕ ತೆರೆದು ಹುಡುಗಿಯ ಮುಂದೆ ಹಿಡಿದರು. "ಅನ್ವಿ, ಒಂದೇ ಒಂದು ಸಾಲು ಓದಮ್ಮ, ಪುಟ್ಟಿ."

ಅನ್ವಿ ಪುಟ ನೋಡಿದಳು, ಅಮ್ಮನ ಮುಖ ನೋಡಿದಳು. "ಐ ಓನ್ಲಿ ನೋ ದ ಸಾಂಗ್ಸ್, ಆಂಟಿ," ಎಂದಳು. ಕಣ್ಣಲ್ಲಿ ನೀರು ತುಂಬಿತ್ತು. ನಾಲ್ಕು ವರ್ಷ ತರಗತಿಗೆ ಬಂದ ಮಗು ಯುಗಾದಿ, ರಾಜ್ಯೋತ್ಸವಗಳಿಗೆಂದು ಬಾಯಿಪಾಠ ಮಾಡಿಸಿದ ಹಾಡುಗಳನ್ನಷ್ಟೇ ಕಲಿತಿತ್ತು. ನನ್ನ ತರಗತಿಯ ಮಕ್ಕಳ ಮುಖಗಳು ಒಂದೊಂದಾಗಿ ನೆನಪಾಗಿ ನನಗೆ ಹೆದರಿಕೆಯಾಯಿತು.

ಲೈಬ್ರೇರಿಯನ್ ಬಗ್ಗಿ, ಇದು ನಿನ್ನ ತಪ್ಪಲ್ಲವೆಂದು ಅವಳಿಗೆ ಹೇಳಿದರು. ಆಮೇಲೆ ವಸುಧಾ ಕಡೆ ತಿರುಗಿದರು. ಅರಬ್ಬಿ ಪುಸ್ತಕಗಳಿಗೆ ಮಕ್ಕಳು ಕಾಯುತ್ತಿದ್ದಾರೆ, ಆ ಜಾಗ ಅವಕ್ಕೆ ಹೋಗುತ್ತದೆ, ನೀವು ಕೊಟ್ಟ ಪುಸ್ತಕಗಳನ್ನು ಮನೆಗೆ ಒಯ್ಯಬಹುದು ಎಂದರು. ವಸುಧಾ ಇನ್ನೊಂದು ವರ್ಷ ಕೊಡಿ ಎಂದು ಬೇಡಿಕೊಂಡರು. ಆಕೆ ಇವರ ಕೈ ಹಿಡಿದುಕೊಂಡೇ ಇಲ್ಲವೆಂದರು. ನಾನು ಕೇಳಬೇಕೆಂದು ಬಂದ ಮಾತನ್ನು ಕೇಳಲಿಲ್ಲ. ಚೀಲಗಳನ್ನು ಮತ್ತೆ ಡಿಕ್ಕಿಗೆ ಹೊತ್ತು ತಂದೆವು.

ಭಾನುವಾರ ಬೆಳಿಗ್ಗೆ ಇನ್ನೂ ಕತ್ತಲಿರುವಾಗಲೇ ಸ್ಟೇಷನ್ ಮುಟ್ಟಿದೆವು. ರೈಲು ತಡ. ಹೀಟರ್ ಹಾಕಿಕೊಂಡು ಕಾರಿನಲ್ಲೇ ಕೂತೆವು. ವಸುಧಾ ಇಳಿದು ಹೋಗಿ, ಡಿಕ್ಕಿಯ ಚೀಲದಿಂದ ಒಂದು ಪುಸ್ತಕ ತಂದು, ಕಾರಿನ ದೀಪ ಹಾಕಿದರು.

"ಎಷ್ಟು ಸಲ ಮನೆಗೆ ತಂದಿದೀನೋ ಇದನ್ನ," ಎಂದರು. "ನಾನೂ ಓದಿರ್ಲಿಲ್ಲ ಕಣ್ರಿ."

ಮೊದಲ ಪುಟದಿಂದ ಶುರು ಮಾಡಿದರು. ರೈಲು ಬಂತು. "ಬರ್ತೀನ್ರೀ," ಎಂದೆ, ತಲೆಯಾಡಿಸಿದರು. ಸೀಟು ಹಿಡಿದು ಕಿಟಕಿಯಿಂದ ಕೈ ಬೀಸಿದೆ. ಕಾರಿನೊಳಗೆ ದೀಪ ಉರಿಯುತ್ತಿತ್ತು. ಅವರು ತಲೆ ಎತ್ತಲಿಲ್ಲ, ಪುಟ ತಿರುವಿದರು.