ಬೆಣ್ಣೆಗಾಲಿನವನ ಮೊದಲ ಬೂಟು

ಅವನ ಹೆಸರು ಡಿಪೋದ ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಜನರ ಬಾಯಲ್ಲಿ ಅವನು ಬೆಣ್ಣೆಗಾಲು. ಹದಿನೆಂಟು ವರ್ಷದ ಹಿಂದೆ ಒಬ್ಬ ಮುದುಕಿ ಹಾಲು ತುಂಬಿದ ಪಾತ್ರೆಯನ್ನು ಮಡಿಲಲ್ಲಿಟ್ಟುಕೊಂಡು ಅವನ ಬಸ್ಸಿನಲ್ಲಿ ಬಂದಿದ್ದಳು. ಇಪ್ಪತ್ತಮೂರು ನಿಲ್ದಾಣ ದಾಟಿ ಇಳಿಯುವಾಗ ಪಾತ್ರೆಯೊಳಗೆ ಇಣುಕಿ, "ಒಂದು ಹನೀನೂ ತುಳುಕಿಲ್ಲ ನೋಡಪ್ಪ. ನಿಂದು ಕಾಲಲ್ಲ, ಬೆಣ್ಣೆ" ಅಂದಳು. ಅದನ್ನು ಕೇಳಿಸಿಕೊಂಡ ಕಂಡಕ್ಟರು ಸಂಜೆಯೊಳಗೆ ಡಿಪೋದಲ್ಲೆಲ್ಲ ಡಂಗುರ ಸಾರಿದ. ಅಲ್ಲಿಂದ ಆ ಹೆಸರು ಅಂಟಿಕೊಂಡಿತು.

ಕಂಡಕ್ಟರಿಗೂ ಒಂದು ಅಡ್ಡಹೆಸರಿತ್ತು, ಸೀಟಿ. ಒಂದು ಸಲ ಊದಿದರೆ ಬಸ್ಸು ನಿಲ್ಲಬೇಕು, ಎರಡು ಸಲ ಊದಿದರೆ ಹೊರಡಬೇಕು. ಅದನ್ನು ಅವನಷ್ಟು ಠೀವಿಯಿಂದ ಊದುವವರು ಬೇರೆ ಯಾರೂ ಇರಲಿಲ್ಲ. ಇಬ್ಬರೂ ಇಪ್ಪತ್ತೆರಡು ವರ್ಷದಿಂದ ಒಂದೇ ಬಸ್ಸಿನಲ್ಲಿದ್ದರು. ಸೀಟಿಯ ಹೆಂಡತಿ, "ನನಗಿಂತ ಅವನ ಬೆನ್ನನ್ನೇ ಜಾಸ್ತಿ ನೋಡಿದ್ದೀರಿ" ಅಂತ ಗಂಡನನ್ನು ಚುಚ್ಚುವುದಿತ್ತು.

ಬೆಣ್ಣೆಗಾಲು ಬಸ್ಸು ಓಡಿಸುತ್ತಿದ್ದದ್ದು ಬರಿಗಾಲಲ್ಲಿ. ಸೀಟಿನಲ್ಲಿ ಕೂತ ಕೂಡಲೇ ಚಪ್ಪಲಿ ಕಳಚಿ ಹಿಂದಕ್ಕೆ ತಳ್ಳುವನು. ಹೊಸದಾಗಿ ಸೇರಿದ ಚಾಲಕರಿಗೆ, "ಪೆಡಲು ಅಂಗಾಲಿನ ಹತ್ತಿರ ಮಾತಾಡುತ್ತೆ ಕಣ್ರಯ್ಯಾ, ಮಧ್ಯೆ ಯಾರನ್ನೂ ಬಿಡಬಾರದು" ಅನ್ನುವನು. ಅವನ ಅಪ್ಪನಾಗಲಿ ಅಜ್ಜನಾಗಲಿ ಬೂಟು ಮೆಟ್ಟಿದವರಲ್ಲ. ಅವನಿಗೂ ಆ ಆಸೆ ಹುಟ್ಟಿರಲಿಲ್ಲ.

ಹೀಗಿರುವಾಗ ಪಕ್ಕದ ಡಿಪೋದಲ್ಲಿ ಒಬ್ಬ ಚಾಲಕನ ಚಪ್ಪಲಿ ಬ್ರೇಕಿನಡಿ ಸಿಕ್ಕಿಕೊಂಡು ಬಸ್ಸು ಹೋಗಿ ಗೋಡೆಗೆ ಗುದ್ದಿತು. ವಾರದೊಳಗೆ ನೋಟೀಸು ಬಂತು. ಸೋಮವಾರದಿಂದ ಚಾಲಕರೆಲ್ಲ ಲೇಸು ಕಟ್ಟುವ ಚರ್ಮದ ಬೂಟನ್ನೇ ಹಾಕತಕ್ಕದ್ದು. ಬೂಟು ಅವರವರ ಆಯ್ಕೆ, ಆದರೆ ಗಟ್ಟಿಮುಟ್ಟಾಗಿರಬೇಕು. ನೋಟೀಸು ಓದಿದವರೆಲ್ಲ ಬೆಣ್ಣೆಗಾಲಿನ ಮುಖ ನೋಡಿದರು. ಈ ಮನುಷ್ಯ ಈಗ ಜಗಳಕ್ಕೆ ಇಳಿಯುತ್ತಾನೆ ಅಂತ ಕಾದರು. ಅವನು ತುಟಿ ಪಿಟಕ್ಕೆನ್ನಲಿಲ್ಲ.

ನಿಜ ಹೇಳಬೇಕೆಂದರೆ ಅವನಿಗೆ ಹೋದ ಜೀವ ಬಂದಂತಾಗಿತ್ತು.

ಸಕ್ಕರೆ ಕಾಯಿಲೆ ಅವನಿಗೆ ಒಂಬತ್ತು ವರ್ಷದಿಂದ ಇತ್ತು. ಅದು ಹೆಂಡತಿಗೆ ಗೊತ್ತು, ಡಿಪೋದ ಡಾಕ್ಟರಿಗೆ ಗೊತ್ತು. ಯಾರಿಗೂ ಗೊತ್ತಿಲ್ಲದ್ದು ಇನ್ನೊಂದಿತ್ತು. ಏಳೆಂಟು ತಿಂಗಳಿಂದ ಅವನ ಬಲಗಾಲು ಸ್ವಲ್ಪ ಸ್ವಲ್ಪವಾಗಿ ಸುಮ್ಮನಾಗುತ್ತಾ ಬಂದಿತ್ತು. ಮೊದಲು ಕಿರುಬೆರಳು, ಆಮೇಲೆ ಉಳಿದ ಬೆರಳು, ಆಮೇಲೆ ಅಂಗಾಲಿನ ಉಬ್ಬು. ಜೋಮು ಹಿಡಿದದ್ದು ಬಿಡಲಿಲ್ಲ ಅಷ್ಟೇ ಅಂದುಕೊಂಡ. ಬಿಸಿನೀರಲ್ಲಿ ಇಟ್ಟ, ಎಣ್ಣೆ ತಿಕ್ಕಿದ. ಒಂದು ದಿನ ಮನೆಯ ಮೆಟ್ಟಿಲು ಹತ್ತಿ ಒಳಗೆ ಬಂದು ಊಟಕ್ಕೆ ಕೂತಾಗ ಹೆಂಡತಿ ಅವನ ಕಾಲು ನೋಡಿ ನಕ್ಕಿದ್ದಳು. "ಒಂದು ಚಪ್ಪಲಿ ಹಾಕ್ಕೊಂಡೇ ಒಳಗೆ ಬಂದಿದ್ದೀರಲ್ರೀ. ಇನ್ನೊಂದನ್ನ ಯಾರಿಗೆ ದಾನ ಕೊಟ್ರಿ?" ಇನ್ನೊಂದು ಕೆಳಗಿನ ಮೆಟ್ಟಿಲ ಮೇಲೆ ಬಿದ್ದಿತ್ತು. ಕಳಚಿದ್ದು ಅವನಿಗೆ ತಿಳಿದಿರಲಿಲ್ಲ. ಅವನೂ ನಕ್ಕ. ಊಟ ಮಾತ್ರ ಅರ್ಧಕ್ಕೇ ಬಿಟ್ಟು ಎದ್ದ.

ಬಸ್ಸಿನಲ್ಲಿ ಅವನು ಕಣ್ಣಿನಿಂದ ಕಾಲು ಓಡಿಸುವುದನ್ನು ಕಲಿತ. ಬ್ರೇಕು ಒತ್ತುವ ಮುಂಚೆ ಒಂದು ಗಳಿಗೆ ಕೆಳಗೆ ನೋಡಿ, ಪಾದ ಎಲ್ಲಿದೆ ಅಂತ ಖಾತ್ರಿ ಮಾಡಿಕೊಂಡು ಒತ್ತುವನು. ಎಷ್ಟು ಒತ್ತಿದೆ ಅನ್ನುವುದನ್ನು ಇಂಜಿನ್ನಿನ ಸದ್ದಿನಿಂದ ಅಂದಾಜು ಮಾಡುವನು. ಹೋದ ತಿಂಗಳು ಶಾಲೆಯ ತಿರುವಿನಲ್ಲಿ ಆ ಗಳಿಗೆ ಸಾಲದೆ ಹೋಯಿತು. ಬಸ್ಸು ನಿಲ್ದಾಣ ದಾಟಿ ದಬಕ್ಕನೆ ನಿಂತಾಗ ಸೀಟಿ ಬಂದು ಅವನ ಬೆನ್ನಿಗೆ ಅಪ್ಪಳಿಸಿದ್ದ. ಬೆಣ್ಣೆಗಾಲು ಬ್ರೇಕು ಸಡಿಲ ಅಂತ ದೂರು ಬರೆದ. ಮೆಕ್ಯಾನಿಕ್ಕು ಎರಡು ಸಲ ಬಿಚ್ಚಿ ನೋಡಿ ಏನೂ ಇಲ್ಲ ಅಂದ. "ನೋಡೋಕೆ ಬರದಿದ್ರೆ ಮನೇಲಿ ಕೂತ್ಕೊ" ಅಂತ ಮೆಕ್ಯಾನಿಕ್ಕು ಮ್ಯಾನೇಜರ ಕೈಲಿ ಬೈಸಿಕೊಂಡ. ಆ ಮೆಕ್ಯಾನಿಕ್ಕಿನ ಮುಖವನ್ನು ಬೆಣ್ಣೆಗಾಲು ಅಂದಿನಿಂದ ನೇರವಾಗಿ ನೋಡಿರಲಿಲ್ಲ.

ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಬಿಗಿಯಾಗಿ ಲೇಸು ಕಟ್ಟಿದ ಬೂಟು ಕಾಲಿನಿಂದ ಕಳಚಿ ಬೀಳುವುದಿಲ್ಲ. ಬಸ್ಸು ಎಲ್ಲಾದರೂ ಮುಗ್ಗರಿಸಿದರೂ, ಹೊಸ ಬೂಟು ನೋಡಿ, ಇನ್ನೂ ಒಗ್ಗಿಲ್ಲ ಅಂದರೆ ಆಯಿತು. ಅವನ ಲೆಕ್ಕಾಚಾರ ಇಷ್ಟೇ ಇತ್ತು.

ಶನಿವಾರ ಪಾಳಿ ಮುಗಿಸಿ ಇಬ್ಬರೂ ಬೂಟಿನ ಅಂಗಡಿಗೆ ಹೋದರು. ಸೀಟಿ ತಾನಾಗಿಯೇ ಹೊರಟಿದ್ದ. "ನಿನ್ನನ್ನ ಒಬ್ಬನೇ ಬಿಟ್ರೆ ಎರಡೂ ಎಡಗಾಲಿಂದೇ ತರ್ತೀಯ. ನಾನು ಮದುವೇಲಿ ಬೂಟು ಹಾಕಿದವನು, ನನಗೆ ಅನುಭವ ಇದೆ."

"ಮೂವತ್ತು ವರ್ಷದ ಹಿಂದಿನ ಅನುಭವ."

"ಆ ಬೂಟು ಇನ್ನೂ ಇದೆ ಕಣಯ್ಯ. ಮದುವೇನೂ ಇದೆ. ಎರಡೂ ಕಚ್ಚುತ್ತೆ."

ಅಂಗಡಿ ಉದ್ದವಾಗಿ ಕಿರಿದಾಗಿತ್ತು. ಎರಡು ಗೋಡೆಗೂ ಸೂರಿನ ತನಕ ರಟ್ಟಿನ ಡಬ್ಬಿಗಳು, ನಡುವೆ ಒಂದು ಬೆಂಚು, ನೆಲಕ್ಕೆ ತಾಗಿಸಿಟ್ಟ ಓರೆ ಕನ್ನಡಿ. ಚರ್ಮದ ಮತ್ತು ಪಾಲಿಶಿನ ವಾಸನೆ ಗಾಢವಾಗಿತ್ತು. ಅಂಗಡಿ ನಡೆಸುತ್ತಿದ್ದವಳು ನಲವತ್ತರ ಹೆಂಗಸು. ಅಪ್ಪನಿಂದ ಅಂಗಡಿ ಬಂದಿತ್ತು, ಕೆಲಸವೂ ಬಂದಿತ್ತು. ಅವಳು ಮೋಟು ಸ್ಟೂಲಿನ ಮೇಲೆ ಕೂತು ಬೆಣ್ಣೆಗಾಲಿನ ಪಾದವನ್ನು ಎತ್ತಿ ಅಳತೆಯ ಹಲಗೆಯ ಮೇಲೆ ಇಟ್ಟಾಗ ಅವನು ಸಂಕೋಚದಿಂದ ಹಿಂದೆಳೆದುಕೊಂಡ.

"ಬಿಡಿ ಅಣ್ಣ, ದಿನಾ ನೂರು ಕಾಲು ಹಿಡಿಯೋಳು ನಾನು" ಅಂದಳು. "ಸಂಜೆ ಬಂದಿದ್ದು ಒಳ್ಳೇದಾಯ್ತು. ಬೆಳಿಗ್ಗೆ ಅಳೆದ್ರೆ ಸಂಜೆ ಬಿಗಿಯಾಗುತ್ತೆ. ಎಂಥದ್ದು ತೋರಿಸ್ಲಿ?"

"ದಪ್ಪಂದು. ಗಟ್ಟಿ ಅಟ್ಟೆ ಇರೋದು" ಅಂದ ಬೆಣ್ಣೆಗಾಲು.

ಸೀಟಿ ಅವನನ್ನು ವಿಚಿತ್ರವಾಗಿ ನೋಡಿದ. "ದಪ್ಪಂದಾ? ಹಾಳೆ ಥರ ಇರೋದು ಕೇಳ್ತೀಯ ಅಂದ್ಕೊಂಡಿದ್ದೆ. ಪೆಡಲು ಮಾತಾಡೋದು ಕೇಳಿಸಬೇಡ್ವಾ?"

"ಗಟ್ಟಿಮುಟ್ಟಾಗಿರಬೇಕು ಅಂತ ನೋಟೀಸಲ್ಲಿದೆ."

ಅವಳು ನಾಲ್ಕು ಜೊತೆ ತಂದಳು. ಒಂದನ್ನು ಬಗ್ಗಿಸಿ ತೋರಿಸಿದಳು. ಬೆರಳು ಮಡಚುವ ಜಾಗದಲ್ಲೇ ಬಗ್ಗಬೇಕು, ನಡುವಿನಲ್ಲಿ ಬಗ್ಗಿದರೆ ಬೇಡ. ಇನ್ನೊಂದರ ಅಂಚಿಗೆ ಉಗುರು ಆಡಿಸಿ, "ಇದು ಅಂಟಿಸಿದ್ದಲ್ಲ, ಹೊಲಿದಿದ್ದು. ಅಟ್ಟೆ ಸವೆದ್ರೆ ಬೇರೆ ಹಾಕಿಸಬಹುದು. ನಿಮ್ಮ ಮೊಮ್ಮಗನ ಕಾಲದ ತನಕ ಬರುತ್ತೆ" ಅಂದಳು. ಕಂದು ಬಣ್ಣದ, ಕಣಕಾಲು ಮುಚ್ಚುವ ಆ ಬೂಟಿನ ಮೇಲೆ ಬೆಣ್ಣೆಗಾಲಿಗೆ ನಿಜಕ್ಕೂ ಮನಸ್ಸಾಯಿತು. ಚರ್ಮ ಕೈಗೆ ಮೆತ್ತಗೆ ಬೆಚ್ಚಗೆ ತಾಗಿತು. ಸದ್ಯ, ಕೈಗೆ ಎಲ್ಲವೂ ತಿಳಿಯುತ್ತಿತ್ತು.

ಎಡಗಾಲಿನದನ್ನು ಅವಳೇ ಹಾಕಿಸಿ ಲೇಸು ಕಟ್ಟಿದಳು. ಅಷ್ಟರಲ್ಲಿ ಬಾಗಿಲಲ್ಲಿ ಇನ್ನೊಬ್ಬ ಗಿರಾಕಿ ಕೂಗಿದ. "ಬಲಗಾಲಿಂದು ನೀವೇ ಹಾಕ್ಕೊಂಡು ಸ್ವಲ್ಪ ಓಡಾಡಿ ಅಣ್ಣ, ಬಂದೆ" ಅಂತ ಎದ್ದು ಹೋದಳು.

ಬೆಣ್ಣೆಗಾಲು ಬಗ್ಗಿ ಬಲಗಾಲನ್ನು ಬೂಟಿನೊಳಗೆ ತೂರಿಸಿದ. ಹೋಗಲಿಲ್ಲ. ಹಿಮ್ಮಡಿ ಕುಟ್ಟಿ ಕುಟ್ಟಿ ಇಳಿಸಿದ. ಲೇಸನ್ನು ಎಳೆದು ಬಿಗಿದು ಕಟ್ಟಿದ. ಎದ್ದು ನಿಂತು ಕನ್ನಡಿಯಲ್ಲಿ ನೋಡಿಕೊಂಡ. ಕಂದು ಬೂಟು ತೊಟ್ಟ ಎರಡು ಕಾಲು ಯಾರೋ ದೊಡ್ಡ ಮನುಷ್ಯನ ಕಾಲಿನಂತೆ ಕಂಡವು. ಬೆಂಚಿನಿಂದ ಬಾಗಿಲಿಗೆ, ಬಾಗಿಲಿನಿಂದ ಬೆಂಚಿಗೆ ಆರೇಳು ಸಲ ನಡೆದ.

"ಹೆಣ್ಣು ನೋಡೋಕೆ ಹೊರಟ ಹಾಗಿದ್ದೀಯ" ಅಂದ ಸೀಟಿ. "ಹೇಗಿದೆ?"

"ಬೆಣ್ಣೆ ಥರ ಕೂತಿದೆ."

ಅಂಗಡಿಯಾಕೆ ವಾಪಸು ಬಂದು ಕೂತಳು. ಎಡಬೂಟಿನ ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿ, ಬೆರಳ ಮುಂದೆ ಹೆಬ್ಬೆರಳಷ್ಟು ಜಾಗವಿದೆ ಅಂತ ತಲೆಯಾಡಿಸಿದಳು. ಬಲಬೂಟನ್ನು ಒತ್ತಿದಳು. ಇನ್ನೊಮ್ಮೆ ಒತ್ತಿದಳು.

"ಅಣ್ಣ, ಇಲ್ಲಿ ಬಿಗಿ ಅನ್ನಿಸ್ತಿಲ್ವಾ?"

"ಇಲ್ಲ. ಸರಿಯಾಗಿದೆ."

"ಬೆರಳು ಆಡಿಸಿ."

ಅವನು ಆಡಿಸಿದ. ಆಡಿಸಿದೆ ಅಂದುಕೊಂಡ. ಅವಳು ಲೇಸು ಬಿಚ್ಚಿ, ಎರಡು ಕೈಯಿಂದ ಬೂಟು ಹಿಡಿದು ಎಳೆದು ತೆಗೆದಳು. ಒಳಗೆ ಕೈ ಹಾಕಿ, ತುದಿಯಿಂದ ಒಂದು ಉಂಡೆಯನ್ನು ಕಿತ್ತಳು. ಬೂಟಿನ ಆಕಾರ ಕೆಡದಿರಲೆಂದು ತುರುಕಿದ ಕಾಗದ. ಮುಷ್ಟಿಯಷ್ಟು ಇದ್ದದ್ದು ಅಪ್ಪಚ್ಚಿಯಾಗಿ ಗಟ್ಟಿಯಾಗಿತ್ತು. ಅದರ ಒಂದು ಬದಿಯಲ್ಲಿ ಐದು ಬೆರಳಿನ ಗುಳಿ ಅಚ್ಚೊತ್ತಿದಂತೆ ಮೂಡಿತ್ತು. ಅವನ ಬೆರಳ ತುದಿಗಳು ಕೆಂಪಗಾಗಿದ್ದವು. ಕಿರುಬೆರಳಿನ ಚರ್ಮ ಸುಲಿದಿತ್ತು.

ಸೀಟಿ ಗೊಳ್ಳೆಂದು ನಕ್ಕ. "ಅಯ್ಯೋ ನಿನ್ನ, ಕಾಗದದ ಸಮೇತ ಮೆರವಣಿಗೆ ಹೋಗ್ತಿದ್ಯಲ್ಲಯ್ಯ. ಸೋಮವಾರ ಡಿಪೋದಲ್ಲಿ ಇದನ್ನ—"

ಅವನು ಕಾಗದದ ಉಂಡೆಯನ್ನು ನೋಡಿದ, ಸುಲಿದ ಕಿರುಬೆರಳನ್ನು ನೋಡಿದ, ಆಮೇಲೆ ಬೆಣ್ಣೆಗಾಲಿನ ಮುಖ ನೋಡಿದ.

"ಹೊಸದಲ್ವಾ" ಅಂದ ಬೆಣ್ಣೆಗಾಲು. "ಹೊಸ ಬೂಟು ಹಾಗೇ ಇರುತ್ತೆ ಅಂದ್ಕೊಂಡೆ."

ಅಂಗಡಿಯಾಕೆ ಒದ್ದೆ ಬಟ್ಟೆ ತಂದು ಬೆರಳು ಒರೆಸಿದಳು. ಗಾಯಕ್ಕೆ ಒತ್ತದಿರಲೆಂದು ಅದೇ ಬೂಟಿನಲ್ಲಿ ಅರ್ಧ ಅಳತೆ ದೊಡ್ಡದನ್ನು ತಂದು, ಕಾಗದ ತೆಗೆದು, ತಾನೇ ಹಾಕಿಸಿ ನೋಡಿದಳು. "ಹಾಕ್ಕೊಳ್ಳೋ ಮುಂಚೆ ದಿನಾ ಒಳಗೆ ಕೈ ಹಾಕಿ ನೋಡಿ ಅಣ್ಣ. ಕಲ್ಲು ಬಿದ್ದಿರುತ್ತೆ, ಮೊಳೆ ಎದ್ದಿರುತ್ತೆ. ನಿಮ್ಮ ಕಾಲು ಹೇಳಲ್ಲ. ಡಾಕ್ಟರಿಗೂ ತೋರಿಸಿ." ಅವನು ಶಾಲೆಯ ಹುಡುಗನಂತೆ ತಲೆಯಾಡಿಸಿದ. ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಬಿದ್ದ.

ಎರಡು ಬೀದಿ ದಾಟುವ ತನಕ ಸೀಟಿ ಅವನ ಬಲಗಾಲನ್ನೇ ನೋಡುತ್ತಾ ನಡೆದ.

"ಯಾವಾಗಿಂದ?" ಅಂತ ಕೊನೆಗೆ ಕೇಳಿದ.

"ಏನು ಯಾವಾಗಿಂದ?"

"ಶಾಲೆ ತಿರುವಲ್ಲಿ ಬ್ರೇಕು ಸರಿ ಇತ್ತು, ಅಲ್ವಾ?"

ಬೆಣ್ಣೆಗಾಲು ಡಬ್ಬಿಯನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿದ. "ಹದಿನಾಲ್ಕು ತಿಂಗಳು ಕಣಯ್ಯ. ಹದಿನಾಲ್ಕೇ. ನಾನು ನೋಡ್ಕೊಂಡು ಓಡಿಸ್ತೀನಿ. ಯಾರಿಗೂ ಹೇಳಬೇಡ, ನಿನ್ನ ಕಾಲಿಗೆ ಬೀಳ್ತೀನಿ."

"ಯಾರ ಕಾಲಿಗೂ ಬೀಳಬೇಡ" ಅಂದ ಸೀಟಿ. "ನಾನು ಯಾರಿಗೂ ಹೇಳಲ್ಲ" ಅಂತ ಸೇರಿಸಿ, ತನ್ನ ಬೀದಿಗೆ ತಿರುಗಿದ.

ಮನೆಯಲ್ಲಿ ಹೆಂಡತಿ ಬೂಟನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಈಗ ಮನುಷ್ಯನ ಥರ ಕಾಣ್ತೀರಿ. ಇದನ್ನ ಮಾತ್ರ ಮೆಟ್ಟಿಲ ಮೇಲೆ ಬೀಳಿಸ್ಕೊಂಡು ಬರಬೇಡಿ."

ಅವನು ಕುರ್ಚಿಯಲ್ಲಿ ಕೂತು ಬಲಗಾಲನ್ನು ಮುಂದಕ್ಕೆ ಚಾಚಿದ. "ಇಲ್ಲಿ ಬಾ. ನಾನು ಕಣ್ಣು ಮುಚ್ಕೋತೀನಿ. ಒಂದು ಬೆರಳು ಮುಟ್ಟು. ಯಾವುದು ಅಂತ ಹೇಳ್ತೀನಿ."

"ಈ ವಯಸ್ಸಲ್ಲಿ ಇದೇನ್ರೀ ಆಟ" ಅಂತ ನಗುತ್ತಲೇ ಅವಳು ನೆಲದ ಮೇಲೆ ಕೂತಳು. ಅವನು ಕಣ್ಣು ಮುಚ್ಚಿದ. ಉಸಿರು ಬಿಗಿಹಿಡಿದು ಕಾದ. ಕಿರುಬೆರಳಿನ ಕಡೆಗೆ ಮನಸ್ಸು ಕಳಿಸಿದ, ಹೆಬ್ಬೆರಳಿನ ಕಡೆಗೆ ಕಳಿಸಿದ. ಹೊರಗೆ ಯಾರದೋ ಮನೆಯ ನಲ್ಲಿ ಸುರಿಯುತ್ತಿತ್ತು.

"ಮುಟ್ಟು ಅಂದ್ನಲ್ಲ" ಅಂದ.

ಅವನು ಕಣ್ಣು ತೆರೆದ. ಅವಳ ಮುಖದಲ್ಲಿ ನಗು ಇರಲಿಲ್ಲ.

"ಆಗಲಿಂದ ಹಿಡ್ಕೊಂಡೇ ಇದ್ದೀನಲ್ರೀ" ಅಂದಳು.

ಅವನ ಐದು ಬೆರಳೂ ಅವಳ ಮುಷ್ಟಿಯೊಳಗಿದ್ದವು.

ಭಾನುವಾರ ರಜೆ. ಇಬ್ಬರೂ ಅದರ ಮಾತೆತ್ತಲಿಲ್ಲ. ಎತ್ತಿದರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಸೋಮವಾರ ಬೆಳಿಗ್ಗೆ ಅವಳು ಬೂಟಿನೊಳಗೆ ಕೈ ಹಾಕಿ ತಡಕಿದಳು, ಆಮೇಲೆ ಅವನ ಮುಂದಿಟ್ಟಳು. "ಇವತ್ತೊಂದಿನ ರಜೆ ಹಾಕಿ" ಅಂದಳು. ಅವನು ಲೇಸು ಕಟ್ಟುತ್ತಿದ್ದ. "ನಾಳೆ ಹಾಕ್ತೀನಿ" ಅಂದ.

ಡಿಪೋದ ಗೇಟಿನಲ್ಲಿ ಇನ್ಸ್‌ಪೆಕ್ಟರು ಎಲ್ಲರ ಕಾಲು ನೋಡುತ್ತಿದ್ದ. ಬೆಣ್ಣೆಗಾಲಿನ ಬೂಟು ಕಂಡು ಹುಬ್ಬೇರಿಸಿ, "ಭಲೇ, ಬೂಟು ಅಂದ್ರೆ ಇದು. ಎಲ್ಲರೂ ನೋಡಿ ಕಲೀರಪ್ಪ" ಅಂದ. ಬಸ್ಸಿನಡಿಯ ದುರಸ್ತಿ ಗುಂಡಿಯೊಳಗಿದ್ದ ಮೆಕ್ಯಾನಿಕ್ಕು ಕೂಡ ತಲೆಯೆತ್ತಿ ನೋಡಿ, ಮತ್ತೆ ಕೆಲಸಕ್ಕೆ ಬಗ್ಗಿದ.

ಆರು ನಲವತ್ತರ ಮೊದಲ ಟ್ರಿಪ್ಪು. ನಿಲ್ದಾಣಕ್ಕೆ ಬಂದು ನಿಂತ ಕೂಡಲೇ ಬಸ್ಸು ಭರ್ತಿ. ಗಾರೆ ಕೆಲಸದವರು, ನರ್ಸುಗಳು, ಹೆಗಲಿಗೆ ಚೀಲ ಹಾಕಿದ ಶಾಲೆ ಮಕ್ಕಳು. ಬೆಣ್ಣೆಗಾಲು ಇಂಜಿನ್ನು ಚಾಲೂ ಮಾಡಿ, ಬಲಬೂಟನ್ನು ಕಣ್ಣಿನಿಂದ ಬ್ರೇಕಿನ ಮೇಲಿಟ್ಟು, ಎರಡು ಊದಿಗಾಗಿ ಕಾದ.

ಸದ್ದು ಬರಲಿಲ್ಲ.

ಅವನು ತಲೆಯ ಮೇಲಿನ ಕನ್ನಡಿಯಲ್ಲಿ ನೋಡಿದ. ಕಂಡಕ್ಟರು ಹಿಂದಿನ ಬಾಗಿಲಲ್ಲೇ ನಿಂತಿದ್ದ. ಟಿಕೆಟು ಕೊಟ್ಟಾಗಿತ್ತು, ಬಾಗಿಲು ಹಾಕಿಯಾಗಿತ್ತು. ಸೀಟಿ ಕೈಯಲ್ಲಿತ್ತು. ಅವನು ಕನ್ನಡಿಯನ್ನೇ ನೋಡುತ್ತಿದ್ದ.

ಬೆಣ್ಣೆಗಾಲು ಹಾರನ್ನು ಒತ್ತಿದ. ಕಂಡಕ್ಟರು ಅಲ್ಲಾಡಲಿಲ್ಲ.

"ಏನಪ್ಪಾ, ಸೀಟಿ ನುಂಗಿಬಿಟ್ಯಾ?" ಅಂತ ಒಬ್ಬ ಗಾರೆಯವನು ಕೇಳಿದ. ನಾಲ್ಕು ಜನ ನಕ್ಕರು. "ಶಾಲೆಗೆ ಹೊತ್ತಾಯ್ತು ಅಂಕಲ್" ಅಂತ ಒಂದು ಹುಡುಗಿ ಕೂಗಿದಳು. ನರ್ಸೊಬ್ಬಳು ಗಡಿಯಾರ ನೋಡಿ ಗೊಣಗಿದಳು. ಕಂಡಕ್ಟರಿನ ಕಣ್ಣಲ್ಲಿ ನೀರು ತುಂಬಿದ್ದು ಕನ್ನಡಿಯಲ್ಲಿ ಅಷ್ಟು ದೂರಕ್ಕೂ ಕಾಣುತ್ತಿತ್ತು. ಯಾರಿಗೂ ಹೇಳುವುದಿಲ್ಲ ಅಂತ ಅಂದಿದ್ದ, ಹೇಳಲೂ ಇಲ್ಲ.

ಊದದಿದ್ದರೂ ಹೊರಡಬಹುದಿತ್ತು. ಯಾರೂ ತಡೆಯುವಂತಿರಲಿಲ್ಲ. ಆದರೆ ಇಪ್ಪತ್ತೆರಡು ವರ್ಷದಲ್ಲಿ ಆ ಎರಡು ಊದು ಕೇಳದೆ ಅವನು ಒಂದು ಗೇಣು ಬಸ್ಸು ಸರಿಸಿದವನಲ್ಲ. ಅವನು ಕೆಳಗೆ ನೋಡಿದ. ಕಂದು ಬೂಟು ಫಳಫಳ ಹೊಳೆಯುತ್ತಿತ್ತು. ಅದರ ಮೂತಿ ಬ್ರೇಕಿನಿಂದ ಜಾರಿ ಪಕ್ಕದ ಪೆಡಲಿನ ಅಂಚಿಗೆ ಬಂದಿತ್ತು. ಯಾವಾಗ ಜಾರಿತೋ ಅವನಿಗೆ ತಿಳಿದಿರಲಿಲ್ಲ.

ಕೀಲಿ ತಿರುಗಿಸಿದ. ಇಂಜಿನ್ನು ಆರಿತು.

ಕಂಡಕ್ಟರು ಹಿಂದಿನಿಂದ ಇಳಿದು, ಸುತ್ತಿ ಬಂದು, ಚಾಲಕನ ಬಾಗಿಲು ತೆರೆದ. ಬೆಣ್ಣೆಗಾಲಿನ ನೀರಿನ ಬಾಟಲಿಯನ್ನೂ ಟವೆಲನ್ನೂ ತಾನೇ ತೆಗೆದುಕೊಂಡ. "ಮೆಟ್ಟಿಲು ಎತ್ತರ ಇದೆ" ಅಂದ, ದಿನಕ್ಕೆ ಹತ್ತು ಸಲ ಆ ಮೆಟ್ಟಿಲು ಇಳಿದವನಿಗೆ.

"ಗೊತ್ತು" ಅಂದ ಬೆಣ್ಣೆಗಾಲು. ಬಾಗಿಲಿನ ಸರಳು ಹಿಡಿದು, ತಲೆ ಬಗ್ಗಿಸಿ, ಬೂಟು ಎಲ್ಲಿ ಊರುತ್ತಿದೆ ಅಂತ ನೋಡಿ ನೋಡಿ ಇಳಿದ.