ಲಾರಿ ಆಟಕ್ಕೊಂದು ಲ್ಯಾಪ್‌ಟಾಪ್

ನಮ್ಮ ಕಡೆ ಹೆಂಗಸು ದುಡ್ಡು ಕೂಡಿಟ್ಟಳು ಅಂದರೆ ಯಾರಿಗೆ ಅಂತ ಮೊದಲು ಕೇಳುತ್ತಾರೆ. ಮಗಳ ಮದುವೆಗಾ, ಮಗನ ಫೀಸಿಗಾ, ಗಂಡನ ಗಾಡಿಗಾ? ನನಗೇ ಅಂದರೆ ಯಾರ ಕಿವಿಗೂ ಬೀಳುವುದಿಲ್ಲ. ನಾನು ಎಪ್ಪತ್ತು ಸಾವಿರ ಕೂಡಿಟ್ಟಿದ್ದು ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳಲು, ಅದೂ ನಾನೇ ಕೂತು ಆಡಲು. ಲಾರಿ ಓಡಿಸುವ ಆಟ. ವಯಸ್ಸು ನಲವತ್ತೇಳು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ, ಕೇಳುವವರಿಗೆ ಇದ್ದರೆ ಅದು ಅವರ ಪಾಡು.

ಸಿರಾದಲ್ಲಿ ನಮ್ಮದು ಮೋಟಾರ್ ವೈಂಡಿಂಗ್ ಅಂಗಡಿ. ನಮ್ಮಪ್ಪ, ಅಬ್ಬಾ, ಶುರು ಮಾಡಿದ್ದು. ಬೋರ್ಡಿನ ಮೇಲಿರುವುದು ಭಾಯಿಯ ಹೆಸರು. ಅವನು ನನಗಿಂತ ಎರಡೇ ವರ್ಷ ದೊಡ್ಡವನು, ಗಿರಾಕಿಗಳ ಹತ್ತಿರ ಮಾತಾಡುವುದು ಅವನ ಕೆಲಸ. ಒಳಗೆ ಕೂತು ಸುಟ್ಟ ತಂತಿ ಕಿತ್ತು ಹೊಸ ತಾಮ್ರ ಸುತ್ತುವುದು ನನ್ನದು. ಬಡವನಹಳ್ಳಿ, ಕೊಳಾಲದ ಕಡೆಯಿಂದಲೂ ಹಿಟ್ಟಿನ ಗಿರಣಿಯ ಮೋಟಾರು ಆಟೋದಲ್ಲಿ ಹೇರಿಕೊಂಡು ಬರುತ್ತಾರೆ, ಸುತ್ತಿದ್ದು ಭಾಯಿ ಅಂತಲೇ ತಿಳಿದು ಹೋಗುತ್ತಾರೆ. ಇಪ್ಪತ್ತೈದು ವರ್ಷದಿಂದ ಹೊರಗೆ ಲಾರಿ ಹೋಗುವ ಸದ್ದು ಕೇಳುತ್ತಾ ತಂತಿ ಸುತ್ತಿದ್ದೇನೆ. ಹದಿನೆಂಟರಲ್ಲಿ ಡ್ರೈವಿಂಗ್ ಕಲಿಯುತ್ತೇನೆ ಅಂದಾಗ ಅಬ್ಬಾ ನಕ್ಕುಬಿಟ್ಟರು. ಬೈದಿದ್ದರೆ ಮರೆತುಬಿಡುತ್ತಿದ್ದೆನೇನೋ.

ಎರಡು ವರ್ಷದ ಹಿಂದೆ ಫೋನಿನಲ್ಲಿ ಒಂದು ಲಾರಿ ಆಟ ಸಿಕ್ಕಿತು. ಅಂಗೈಯಷ್ಟು ಪರದೆ, ಹತ್ತು ನಿಮಿಷಕ್ಕೆ ಫೋನು ಕಾದು ಹಿಡಿಯಲಾಗುತ್ತಿರಲಿಲ್ಲ. ಗಂಟೆಗಟ್ಟಲೆ ರಸ್ತೆ ಹಿಡಿದು ಹೋಗುವ ದೊಡ್ಡ ಆಟ ಬೇಕಾದರೆ ಕಂಪ್ಯೂಟರೇ ಆಗಬೇಕು, ಅದರಲ್ಲೂ ಬೇರೆಯದೇ ಗ್ರಾಫಿಕ್ಸ್ ಕಾರ್ಡ್ ಇರುವಂಥದ್ದು ಅಂತ ಯೂಟ್ಯೂಬ್ ನೋಡಿ ತಿಳಿದುಕೊಂಡೆ. ಅವತ್ತಿನಿಂದ ಕೂಡಿಡಲು ಶುರುಮಾಡಿದೆ.

ಭಾಯಿಗೆ ಹೇಳಿದಾಗ ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟ.

"ಆಟಕ್ಕಾ? ಅದೇ ದುಡ್ಡಲ್ಲಿ ಕಾಯಿಲ್ ಸುತ್ತೋ ಮಿಷನ್ ಬರ್ತದಲ್ಲೇ."

"ಸುತ್ತೋಕೆ ನನ್ನ ಕೈ ಐತೆ. ಆಡೋಕೇ ಏನೂ ಇಲ್ಲ."

"ಹಂಗಾದ್ರೆ ಮಗಳ ಓದಿಗೆ ಅಂತ ಹೇಳ್ಬುಡು. ಯಾರೂ ಕೇಳಲ್ಲ."

ಮಗಳು ತುಮಕೂರಿನಲ್ಲಿ ಬಿ.ಕಾಂ. ಓದುತ್ತಾಳೆ. ಅವಳಿಗೆ ಹೋದ ವರ್ಷವೇ ಒಂದು ಕೊಡಿಸಿದ್ದೇನೆ. ಅವಳ ಹೆಸರಿನ ಮರೆಯಲ್ಲಿ ನಿಂತು ಆಡುವಷ್ಟು ದೊಡ್ಡ ಕಳ್ಳತನ ನಾನೇನು ಮಾಡಿದ್ದೇನೆ? ಹೇಳಲ್ಲ ಅಂದೆ. ಅವನು ತಲೆ ಚಚ್ಚಿಕೊಂಡ, ಆದರೂ ತುಮಕೂರಿನ ಶೋರೂಮಿಗೆ ಜೊತೆಗೆ ಬಂದ. ನಾನೊಬ್ಬಳೇ ಹೋದರೆ ಮೋಸ ಹೋಗುತ್ತೇನೆ ಅಂತ ಅವನ ಲೆಕ್ಕ.

ಅಲ್ಲಿದ್ದ ಸೇಲ್ಸ್‌ನವನು ನನ್ನ ಪ್ರಶ್ನೆಗಳಿಗೆಲ್ಲ ಭಾಯಿಯ ಮುಖ ನೋಡಿ ಉತ್ತರ ಕೊಟ್ಟ. ಎಪ್ಪತ್ತರ ಒಳಗೆ ಎರಡು ಉಳಿದವು. ಒಂದು ತೆಳ್ಳಗೆ, ಬೆಳ್ಳಿ ಬಣ್ಣ, ಕೀಲಿಗಳ ಕೆಳಗೆ ಬಣ್ಣಬಣ್ಣದ ದೀಪ. ಇನ್ನೊಂದು ದಪ್ಪ, ಕಪ್ಪು, ನೋಡಲು ಮಂಕು. "ಎರಡರಲ್ಲೂ ಅದೇ ಗ್ರಾಫಿಕ್ಸ್ ಕಾರ್ಡ್ ಸಾರ್. ಅಂದ್ಮೇಲೆ ಚೆನ್ನಾಗಿರೋದನ್ನೇ ತಗೊಳ್ಳಿ," ಅಂದ.

"ಆ ಕಾರ್ಡಿಗೆ ಯಾವುದರಲ್ಲಿ ಎಷ್ಟು ವ್ಯಾಟ್ ಕೊಟ್ಟಿದ್ದಾರೆ?" ಅಂದೆ.

ಆಗ ಮೊದಲ ಸಲ ನನ್ನ ಕಡೆ ನೋಡಿದ. ಅವನಿಗೆ ಗೊತ್ತಿರಲಿಲ್ಲ. ಐದು ಎಚ್.ಪಿ. ಅಂತ ತಗಡು ಹೊಡೆದ ಎಷ್ಟೋ ಮೋಟಾರುಗಳ ಹೊಟ್ಟೆ ಬಿಚ್ಚಿದವಳು ನಾನು. ಒಂದರಲ್ಲಿ ತುಂಬ ತಾಮ್ರ ಇರುತ್ತದೆ, ಇನ್ನೊಂದರಲ್ಲಿ ಜಿಪುಣ ಸುತ್ತಿದ ಹಾಗೆ ನಾಲ್ಕೆಳೆ. ಹೆಸರು ಕ್ಷೀರಸಾಗರ, ಮನೇಲಿ ಮಜ್ಜಿಗೆಗೂ ಗತಿಯಿಲ್ಲ. ಅವನು ಫೋನಿನಲ್ಲಿ ಹುಡುಕಿದ. ಅದೇ ಹೆಸರಿನ ಕಾರ್ಡಿಗೆ ದಪ್ಪದ್ದು ಕೊಡುವ ವ್ಯಾಟಿನಲ್ಲಿ ತೆಳ್ಳನೆಯದು ಅರ್ಧವೂ ಕೊಡುತ್ತಿರಲಿಲ್ಲ.

"ಓಡಿಸಿ ತೋರಿಸಿ. ಎರಡೂ, ಅರ್ಧ ಗಂಟೆ," ಅಂದೆ.

"ಹಾಗೆಲ್ಲ ತೋರಿಸಲ್ಲ ಆಂಟಿ. ವಾರಂಟಿ ಇದೆಯಲ್ಲ."

ನಮ್ಮ ಅಂಗಡಿಯಲ್ಲಿ ಸುತ್ತಿದ ಮೋಟಾರನ್ನು ಅರ್ಧ ಗಂಟೆ ಓಡಿಸಿ, ಗಿರಾಕಿಯೇ ಅದರ ಮೇಲೆ ಕೈಯಿಟ್ಟು ಶಾಖ ನೋಡುವ ತನಕ ದುಡ್ಡು ಮುಟ್ಟುವುದಿಲ್ಲ. ಅದು ಅಬ್ಬಾನ ಕಾಲದ ಕಟ್ಟಳೆ. ಊರಿಗೆಲ್ಲ ಕೈಯಿಟ್ಟು ನೋಡಿ ಅಂದವಳು ನನ್ನ ದುಡ್ಡಿಗೆ ಕಣ್ಣು ಮುಚ್ಚಿಕೊಳ್ಳಲೇ? ಭಾಯಿ ಬುರ್ಖಾದ ತೋಳು ಹಿಡಿದು ಜಗ್ಗಿದ. "ಬಾರೇ, ಮಾನ ಕಳೀಬೇಡ." ನಾನು ಅಲ್ಲಿದ್ದ ಸ್ಟೂಲಿನ ಮೇಲೆ ಕೂತೆ. ಓಡಿಸಿದರೆ ಕೊಳ್ಳುತ್ತೇನೆ, ಇಲ್ಲದಿದ್ದರೆ ಸುಮ್ಮನೆ ಕೂತಿರುತ್ತೇನೆ, ಬಸ್ಸು ಸಂಜೆ ತನಕ ಇದೆ ಅಂದೆ. ಕೊನೆಗೆ ಒಳಗಿಂದ ಮ್ಯಾನೇಜರು ಬಂದು, ಪ್ರದರ್ಶನಕ್ಕಿಟ್ಟ ಎರಡರಲ್ಲೂ ಒಂದು ಕಾರ್ ರೇಸು ಹಾಕಿಸಿದ.

ಇಲ್ಲಿ ನಾನೇ ಒಂದು ತಪ್ಪು ಮಾಡಿದೆ. ಹತ್ತು ನಿಮಿಷಕ್ಕೆಲ್ಲ ಕಪ್ಪು ಲ್ಯಾಪ್‌ಟಾಪು ಗೊರ್ ಅಂತ ಕೂಗತೊಡಗಿತು, ಬೆಳ್ಳಿಯದು ಮೆತ್ತಗೆ ಉಸಿರಾಡುತ್ತಿತ್ತು. ಕೂಗುವ ಮೋಟಾರು ಅಂದರೆ ಬೇರಿಂಗ್ ಹೋದ ಮೋಟಾರು, ನಮ್ಮ ಕಸುಬಿನವರ ಕಿವಿಗೆ ಅಷ್ಟೇ ಗೊತ್ತು. ಇದು ಬೇಡ, ಕೆಟ್ಟಿದೆ ಅಂತ ಎದ್ದೇಬಿಟ್ಟೆ. ಸೇಲ್ಸ್‌ನವನ ಮುಖ ಅರಳಿತು. ಭಾಯಿ ಬೆಳ್ಳಿಯದರ ಪೆಟ್ಟಿಗೆ ತರಲು ಹೇಳಿಯೂ ಆಗಿತ್ತು.

ಆದರೂ ಕೈ ತನ್ನ ಅಭ್ಯಾಸ ಬಿಡಲಿಲ್ಲ. ಹೊರಡುವ ಮುಂಚೆ ಕೈಯ ಹಿಂಭಾಗವನ್ನು ಬೆಳ್ಳಿಯದರ ಕೀಲಿಗಳ ಮೇಲ್ಗಡೆ ಇಟ್ಟೆ. ಹಿಂಭಾಗ ಯಾಕೆಂದರೆ, ಕರೆಂಟು ಹೊಡೆದರೆ ಅಂಗೈ ಹಿಡಿದುಕೊಳ್ಳುತ್ತದೆ, ಹಿಂಭಾಗವಾದರೆ ಕೈ ತಾನೇ ಬಿಡಿಸಿಕೊಂಡು ಬರುತ್ತದೆ. ಕಾದ ಹೆಂಚು ಮುಟ್ಟಿದ ಹಾಗಾಗಿ ಎಳೆದುಕೊಂಡೆ. ಪರದೆಯ ಮೇಲಿನ ಕಾರೂ ಮುಗ್ಗರಿಸುತ್ತಿತ್ತು. ಕಪ್ಪಿನದರ ಮೇಲಿಟ್ಟೆ. ಬೆಚ್ಚಗಿತ್ತು, ಅಷ್ಟೇ. ಅದು ಕೂಗುತ್ತಿದ್ದದ್ದು ಎರಡು ಫ್ಯಾನು ಬಿಸಿಗಾಳಿಯನ್ನು ಹೊರಗೆ ದಬ್ಬುತ್ತಿದ್ದ ಸದ್ದು. ಬೆಳ್ಳಿಯದು ಸದ್ದು ಮಾಡದೆ ಒಳಗೇ ಬೇಯುತ್ತಿತ್ತು. ಸದ್ದು ಮಾಡದೆ ಬೇಯುವುದು ಎಂಥದ್ದು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಸಿಟ್ಟು ಬಂತು, ಯಾರ ಮೇಲೆ ಅಂತ ಮಾತ್ರ ತಿಳಿಯಲಿಲ್ಲ.

"ಕಪ್ಪಿನದು ಕೊಡಿ," ಅಂದೆ.

"ತುಂಬ ಸದ್ದು ಆಂಟಿ ಅದು. ಮನೇಲಿ ಎಲ್ಲರಿಗೂ ಗೊತ್ತಾಗುತ್ತೆ."

"ಗೊತ್ತಾಗಲಿ."

ಪರದೆಯ ಬಣ್ಣ ಸ್ವಲ್ಪ ಸಪ್ಪೆ, ಬ್ಯಾಟರಿ ಎರಡು ಗಂಟೆಗೆ ಮುಗಿಯುತ್ತದೆ. ಎಪ್ಪತ್ತು ಸಾವಿರಕ್ಕೆ ಎಲ್ಲವೂ ಸಿಗುವುದಿಲ್ಲ, ಅದು ನನಗೆ ಗೊತ್ತು. ರ್‍ಯಾಮ್ ಒಂದೇ ಇತ್ತು, ಇನ್ನೊಂದು ಹಾಕಲು ಜಾಗ ಖಾಲಿ ಇದೆಯಾ ಅಂತ ಕೇಳಿಕೊಂಡೆ. ಇತ್ತು. ಬಿಲ್ಲು ಬರೆಯುವಾಗ ಅವನು "ನಿಮ್ಮ ಹೆಸರು ಸಾರ್?" ಅಂತ ಭಾಯಿಯನ್ನು ಕೇಳಿದ. ನಾನು ನನ್ನ ಹೆಸರು ಹೇಳಿದೆ, ಬರೆದದ್ದು ಸರಿಯಿದೆಯಾ ಅಂತ ಬಗ್ಗಿ ನೋಡಿದೆ.

ವಾಪಸು ಬಸ್ಸಿನಲ್ಲಿ ಪೆಟ್ಟಿಗೆಯನ್ನು ಸೀಟಿನ ಕೆಳಗೆ ತಳ್ಳು ಅಂದ ಭಾಯಿ. ತಳ್ಳಲಿಲ್ಲ. ಅಷ್ಟರಲ್ಲಿ ಪಾವಗಡದಿಂದ ಆಪಾನ ಫೋನು, ನಮ್ಮಿಬ್ಬರಿಗೂ ಅಕ್ಕ. ನಾವು ತುಮಕೂರಿಗೆ ಹೋದ ಸುದ್ದಿ ಆಗಲೇ ಮುಟ್ಟಿತ್ತು. ಭಾಯಿ ನನ್ನ ಕಡೆ ನೋಡದೆ, "ಹಾಂ ಆಪಾ, ಇವಳ ಮಗಳ ಓದಿಗೆ ಒಂದು ಲ್ಯಾಪ್‌ಟಾಪು," ಅಂದ.

ನಾನು ಅವನ ಕಿವಿಯಿಂದ ಫೋನು ಕಿತ್ತುಕೊಂಡೆ.

"ಸುಳ್ಳು ಆಪಾ. ನನಗೇ ತಗೊಂಡೆ. ಆಟ ಆಡೋಕೆ."

"ಈ ವಯಸ್ಸಲ್ಲಿ? ನಾಚಿಕೆ ಆಗಲ್ವೇನೇ ನಿಂಗೆ?" ಅಂದಳು. ಮುಂದಿನ ಸೀಟಿನವರೂ ತಿರುಗಿ ನೋಡುತ್ತಿದ್ದರು.

"ಆಗ್ತದೆ ಆಪಾ. ಇಷ್ಟು ವರ್ಷ ತಡ ಮಾಡ್ಬುಟ್ಟೆನಲ್ಲ, ಅದಕ್ಕೆ ಆಗ್ತದೆ."