ವಾಟ ಕೊಟ್ಟ ನೆಲ

ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿ ಹಾಲೇಶಪ್ಪ ಮೂವತ್ತನಾಲ್ಕು ವರ್ಷ ಮರ ಪುಡಿ ಮಾಡಿದ. ನೀಲಗಿರಿ ದಿಮ್ಮಿಗಳು ಲಾರಿಯಿಂದಿಳಿದು ಬೆಲ್ಟಿನ ಮೇಲೆ ಸಾಲಾಗಿ ಬರುವವು, ಇವನು ಗುಂಡಿ ಒತ್ತುವನು, ಆಳೆತ್ತರದ ಮರ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಚೂರುಚೂರು. ಆ ಗದ್ದಲದಲ್ಲಿ ಅವನ ಎಡಗಿವಿ ಮಂದವಾಯಿತು, ದನಿ ದೊಡ್ಡದಾಯಿತು. ಇಷ್ಟು ಮರದ ಜೊತೆ ಬಾಳಿದವನು ಒಂದು ದಿನವೂ ಒಂದು ಹಲಗೆಯನ್ನು ನೆಟ್ಟಗೆ ಕೊಯ್ದವನಲ್ಲ. ನಿವೃತ್ತಿಯಾಗಿ ಐದು ವರ್ಷ ಕಳೆದ ಮೇಲೆ, ಅರವತ್ತೈದನೆಯ ವಯಸ್ಸಿನಲ್ಲಿ, ಮೊದಲ ಬಾರಿಗೆ ಗರಗಸ ಹಿಡಿದ.

ಹಾಲೇಶಪ್ಪ ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಒಳ್ಳೆಯದನ್ನು ಮಾಡುವ ಮೊದಲು ಯಾರನ್ನಾದರೂ ಒಂದು ಮಾತು ವಿಚಾರಿಸುವ ಅಭ್ಯಾಸ ಮಾತ್ರ ಅವನಿಗಿಲ್ಲ. ಹೆಂಡತಿಗೆ ಕಷ್ಟವಾಗಬಾರದೆಂದು ಒಂದು ದಿನ ಒರಳುಕಲ್ಲು ಕಿತ್ತು ಹಿತ್ತಲಿಗೆ ಹಾಕಿ ಮಿಕ್ಸರ್ ತಂದವನು ಅವನೇ. ಆಮೇಲೆ ಎಂಟು ದಿನ ಮನೆಯಲ್ಲಿ ಚಟ್ನಿಯೇ ಆಗಲಿಲ್ಲ ಎಂಬುದು ಅವನ ಗಮನಕ್ಕೆ ಬಂದಿರಲಿಲ್ಲ.

ಹೆಂಡತಿ ಉಡಚವ್ವ. ಕುಪ್ಪೇಲೂರು ಬಿಟ್ಟು ರಾಣೆಬೆನ್ನೂರಿನಲ್ಲಿ ಮನೆ ಕಟ್ಟಿಸಿದಾಗಿನಿಂದ ಪ್ರತಿ ವರ್ಷ ದೀಪಾವಳಿಯ ಹಟ್ಟಿಹಬ್ಬಕ್ಕೆ ನಾಲ್ಕು ದಿನ ಮೊದಲು ಆಕೆ ಕೆಮ್ಮಣ್ಣು ಕಲಸಿಕೊಂಡು ಪಡಸಾಲೆಯ ಗೋಡೆ ಬುಡಕ್ಕೆ ಕುಳಿತುಬಿಡುತ್ತಿದ್ದಳು. ನೆಲದಿಂದ ಒಂದು ಗೇಣು ಎತ್ತರಕ್ಕೆ ಕೆಂಪು ಪಟ್ಟಿ, ಅದರ ಮೇಲೆ ಸುಣ್ಣದ ಸಣ್ಣ ಗೆರೆ, ಗೆರೆಯ ಮೇಲೆ ಬೊಟ್ಟುಗಳ ಸಾಲು. ಇದಕ್ಕೆ ಕಾರಣೆ ಎನ್ನುತ್ತಾರೆ. ದಾರ ಹಿಡಿಯುತ್ತಿರಲಿಲ್ಲ, ಗುರುತು ಹಾಕುತ್ತಿರಲಿಲ್ಲ; ಕುಂಡೆಯ ಮೇಲೆ ಸರಿಯುತ್ತ ಸರಿಯುತ್ತ ತಲೆಬಾಗಿಲಿನಿಂದ ಬಚ್ಚಲಿನವರೆಗೆ ಒಂದೇ ಸಮ ಗೆರೆ ಎಳೆದು ಮುಗಿಸುವಳು. ಓಣಿಯ ಹೆಂಗಸರು ಬಂದು ನೋಡಿ ಹೋಗುತ್ತಿದ್ದರು. ಉಡಚವ್ವ ಹೊಗಳಿಕೆಗೆ ಸೋಲುವ ಹೆಣ್ಣಲ್ಲ, ಆದರೆ ಆ ನಾಲ್ಕು ದಿನ ಆಕೆಯ ನಡಿಗೆಯೇ ಬೇರೆ ಇರುತ್ತಿತ್ತು.

ಮೂರು ವರ್ಷದ ಹಿಂದೆ ದಾವಣಗೆರೆಯಲ್ಲಿ ಎರಡೂ ಮೊಣಕಾಲಿನ ಆಪರೇಶನ್ ಆಯಿತು. ನೆಲಕ್ಕೆ ಕೂರುವಂತಿಲ್ಲ ಎಂದು ಡಾಕ್ಟರರ ಕಟ್ಟಪ್ಪಣೆ. ಅಲ್ಲಿಗೆ ಕಾರಣೆ ನಿಂತಿತು. ಹಳೆಯ ಕೆಂಪು ವರ್ಷದಿಂದ ವರ್ಷಕ್ಕೆ ಮಾಸಿತು, ನೆಲ ಒರೆಸುವ ನೀರು ತಾಗಿ ಅಲ್ಲಲ್ಲಿ ಎದ್ದಿತು. ಮಗ, ಸೊಸೆ ಶೈಲಾ ಇಬ್ಬರಿಗೂ ಹಾವೇರಿಯಲ್ಲಿ ನೌಕರಿ, ಮುಂಜಾನೆ ರೈಲಿಗೆ ಹೋದರೆ ಮನೆ ಸೇರುವುದು ಸಂಜೆಗೆ. “ಅತ್ತಿ, ಒಂದ ಐತವಾರ ಕಂದು ಆಯಿಲ್ ಪೇಂಟ್ ಹೊಡಿಸಿಬಿಡೋಣೇನ್ರಿ?” ಎಂದು ಶೈಲಾ ಒಮ್ಮೆ ಕೇಳಿದಳು. “ನಿಮಗ ಹ್ಯಾಂಗ ಬೇಕೋ ಹಂಗ ಮಾಡ್ರೆವ್ವ” ಎಂದಳು ಉಡಚವ್ವ. ಸೊಸೆ ಜಾಣೆ. ಆ ಮಾತಿನ ತೂಕ ತಿಳಿದು ಸುಮ್ಮನಾದಳು.

ಹಾಲೇಶಪ್ಪನಿಗೆ ತಿಳಿಯಲಿಲ್ಲ. ಬ್ಯಾಡಗಿಯಲ್ಲಿ ತಂಗಿಯ ಮಗನ ಹೊಸ ಮನೆಯ ವಾಸ್ತುಶಾಂತಿಗೆ ಹೋದವನು ಊಟಕ್ಕಿಂತ ಹೆಚ್ಚಾಗಿ ಗೋಡೆಯ ಬುಡ ನೋಡಿ ಬಂದ. ಅಲ್ಲಿ ಸುತ್ತಲೂ ನಾಲ್ಕು ಬೆರಳಗಲದ ಮರದ ಪಟ್ಟಿ ಹೊಡೆದಿದ್ದರು. ಅದರ ಹೆಸರು ಸ್ಕರ್ಟಿಂಗ್ ಎಂದೂ, ಅದಿದ್ದರೆ ಗೋಡೆಗೆ ನೀರಿನ ಕಲೆ ಹತ್ತುವುದಿಲ್ಲವೆಂದೂ ತಂಗಿಯ ಮಗ ವಿವರಿಸಿದ. ಮರುದಿನವೇ ಹಾಲೇಶಪ್ಪ ಬಡಿಗ ರಹಿಮಾನಸಾಬನ ಅಂಗಡಿಗೆ ಹೋಗಿ ಒಂದು ಗೇಣು ಅಗಲದ ಸಾಗವಾನಿ ಹಲಗೆಗಳನ್ನು ಆರಿಸಿದ.

“ಹುಡುಗರನ್ನ ಕಳಸ್ತೀನಿ ಬಿಡ್ರಿ, ಒಂದ ದಿನದ ಕೆಲಸ” ಎಂದ ರಹಿಮಾನಸಾಬ.

“ಮೂವತ್ನಾಕ ವರ್ಷ ಮರದಾಗ ಬಾಳೇವಿ ಸಾಬರ, ನಾಕ ಹಲಗಿ ಹೊಡಿಯಾಕ ಬರಂಗಿಲ್ಲೇನು?”

ರಹಿಮಾನಸಾಬ ಮೀಸೆಯಲ್ಲೇ ನಕ್ಕ.

ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಹಾಲೇಶಪ್ಪ ತಯಾರಾದ. ರಸಮಟ್ಟ ಎಂಬ, ಗಾಜಿನ ನಳಿಗೆಯೊಳಗೆ ಗುಳ್ಳೆ ಆಡುವ ಸಾಧನವನ್ನೂ ಕೊಂಡ. ಹಬ್ಬಕ್ಕೆ ಹದಿನೈದು ದಿನವಿರುವಾಗ, ಮಗ ಸೊಸೆ ರೈಲಿಗೆ ಹೋದ ಮೇಲೆ ಕೆಲಸಕ್ಕೆ ಕೈ ಹಾಕಿದ. ಮೊದಲ ಹಲಗೆಯ ತುದಿ ಸೊಟ್ಟ ಕೊಯ್ದ, ಎರಡನೆಯದನ್ನು ಅರ್ಧ ಇಂಚು ಗಿಡ್ಡ ಮಾಡಿದ, ಮೂರನೆಯದು ಅಂತೂ ಕೂತಿತು. ಗೋಡೆಗೆ ತೂತು ಕೊರೆದು, ತೂತಿಗೆ ಬೆಣೆ ಕೂರಿಸಿ, ರಸಮಟ್ಟದ ಗುಳ್ಳೆ ನಟ್ಟನಡುವೆ ನಿಲ್ಲುವವರೆಗೆ ಹಲಗೆಯನ್ನು ಎತ್ತಿ ಇಳಿಸಿ ಸ್ಕ್ರೂ ತಿರುವಿದ. ಉಡಚವ್ವ ಕುರ್ಚಿಯಲ್ಲಿ ಕುಳಿತು ಸೊಪ್ಪು ಸೋಸುತ್ತಿದ್ದಳು. ಅದರ ಪಕ್ಕದ ಹಲಗೆಗೆ ಸ್ಕ್ರೂ ಹಾಕುವ ಹೊತ್ತಿಗೆ ಸೊಪ್ಪನ್ನು ಅರ್ಧಕ್ಕೇ ಬಿಟ್ಟು, ಕೋಲೂರಿಕೊಂಡು ಒಳಕ್ಕೆ ಹೋದಳು.

ಗೋಡೆಯುದ್ದಕ್ಕೂ ಹಲಗೆ ಕೂರಿಸಿ ಹಾಲೇಶಪ್ಪ ದೂರ ನಿಂತು ನೋಡಿದ. ತಲೆಬಾಗಿಲ ಹತ್ತಿರ ಹಲಗೆ ನೆಲಕ್ಕೆ ತಾಗಿತ್ತು. ಬಚ್ಚಲಿನ ಕಡೆ ಹೋಗುತ್ತ ಹೋಗುತ್ತ ಅಡಿಯಲ್ಲಿ ಸಂದು ಬಿಟ್ಟು, ಕೊನೆಗೆ ಎರಡು ಬೆರಳು ತೂರುವಷ್ಟಾಗಿತ್ತು. ಆ ಸಂದಿನಲ್ಲಿ ಮಾಸಿದ ಕೆಂಪು ಇಣುಕುತ್ತಿತ್ತು.

“ನೆಲಾನ ಸೊಟ್ಟ ಐತಿ! ಈ ಮನಿ ಕಟ್ಟಿದ ಗೌಂಡಿ ಮಾಲತೇಶಪ್ಪ ಅವತ್ತ ನನಗ ಟೋಪಿ ಹಾಕ್ಯಾನ!” ಎಂದು ಕೂಗಿದ.

ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ. ಹಾಲೇಶಪ್ಪನ ಅದೃಷ್ಟಕ್ಕೆ ಇಲ್ಲಿ ನೆಲ ಖರೇನೇ ಡೊಂಕಿತ್ತು. ಸಂಜೆ ಬರಹೇಳಿದ ರಹಿಮಾನಸಾಬ ಬಂದವನೇ ಹಲಗೆಯನ್ನು ಮುಟ್ಟಲೂ ಇಲ್ಲ. ಒಂದು ತಂಬಿಗೆ ನೀರು ತರಿಸಿ ತಲೆಬಾಗಿಲ ಬಳಿ ಸುರಿದ. ನೀರು ಫರಸಿಕಲ್ಲಿನ ಮೇಲೆ ಗೋಡೆಗುಂಟ ಹರಿದು, ಹಲಗೆಯ ಸಂದು ಹಿಡಿದು, ನೆಟ್ಟಗೆ ಬಚ್ಚಲಿಗೆ ಹೋಯಿತು.

“ಇದು ಸೊಟ್ಟ ಅಲ್ರಿ ಹಾಲೇಶಪ್ಪಾರ, ವಾಟ. ತೊಳದ ನೀರು ಹರದ ಹೋಗ್ಲಿ ಅಂತ ಕೊಟ್ಟದ್ದು. ನಿಮ್ಮ ಗೌಂಡಿ ಭಾಳ ಶಾಣ್ಯಾ ಇದ್ದ.”

“ಗೌಂಡಿ ಅಲ್ರಿ ಸಾಬರ.” ಅಡುಗೆಮನೆಯ ಬಾಗಿಲಲ್ಲಿ ಉಡಚವ್ವ ಕೋಲೂರಿ ನಿಂತಿದ್ದಳು. “ಅಂವ ಸಪಾಟ ಮಾಡಾಕ ಹೊಂಟಿದ್ದ. ಎದುರಿಗೆ ನಿಂತು ವಾಟ ಕೊಡಿಸಿದಾಕಿ ನಾನು. ಇವರು ಆವಾಗ ಎರಡನೇ ಶಿಫ್ಟಿನ್ಯಾಗ ಇದ್ರು.”

ಮೂವತ್ತೆಂಟು ವರ್ಷ ನಡೆದಾಡಿದ ಮನೆಯ ನೆಲ ಇಳಿಜಾರಾಗಿದೆ ಎಂದು ಹಾಲೇಶಪ್ಪನಿಗೆ ಗೊತ್ತಾದದ್ದು ಅಂದೇ. ರಹಿಮಾನಸಾಬ ಚಹಾ ಕುಡಿಯುತ್ತ ಉಪಾಯ ಹೇಳಿಕೊಟ್ಟ. ಹಲಗೆಯನ್ನು ಗೋಡೆಗೆ ಒರಗಿಸಿ, ಮರದ ಸಣ್ಣ ತುಂಡಿನ ಮೇಲೆ ಪೆನ್ಸಿಲ್ ಇಟ್ಟು, ತುಂಡನ್ನು ನೆಲದಗುಂಟ ಜರುಗಿಸಬೇಕು. ನೆಲ ಹೇಗಿದೆಯೋ ಹಾಗೆಯೇ ಹಲಗೆಯ ಮೇಲೆ ಗೆರೆ ಬೀಳುತ್ತದೆ, ಗೆರೆಗುಂಟ ಕೊಯ್ದರಾಯಿತು. “ರಸಮಟ್ಟ ಪೆಟಗ್ಯಾಗ ಇಡ್ರಿ. ಹಲಗಿ ನೆಲದ ಮಾತ ಕೇಳಬೇಕು” ಎಂದು ಹೇಳಿ ಹೋದ.

ಮಗ ಸೊಸೆ ಇನ್ನೂ ಬಂದಿರಲಿಲ್ಲ, ಮನೆಯಲ್ಲಿ ಇಬ್ಬರೇ ಉಳಿದರು. ಹಾಲೇಶಪ್ಪ ತನ್ನ ದೊಡ್ಡ ದನಿಯನ್ನು ಆದಷ್ಟು ತಗ್ಗಿಸಿದ. “ನಿನಗ ಗೊತ್ತಿತ್ತಲ್ಲ, ಮುಂಜಾನೇನ ಹೇಳಬಾರದಿತ್ತೇನು?”

“ನೀವು ಕೇಳಿದ್ರೇನು?”

ಉಡಚವ್ವ ಬಂದು ಅವನ ಬಲಕ್ಕೆ, ಕೇಳಿಸುವ ಕಿವಿಯ ಕಡೆಗೆ, ಕುರ್ಚಿ ಎಳೆದುಕೊಂಡು ಕುಳಿತಳು.

“ಮೊಣಕಾಲು ಹೋತು, ಹೋಗ್ಲಿ. ವಯಸ್ಸಾತು, ಯಾರಿಗೆ ಬಿಟ್ಟೈತಿ. ಆದ್ರ ಈ ಮನಿಯೊಳಗ ಇದು ಉಡಚವ್ವನ ಕೈ ಅಂತ ಕಾಣೋದು ಅದೊಂದ ಗೆರಿ ಇತ್ತು. ಮಾಸಿದ್ರೂ ಇತ್ತು. ಕುರ್ಚಿಮ್ಯಾಲ ಕುಂತು ದಿನಾ ಅದನ್ನ ನೋಡ್ತಿದ್ದೆ. ಅದರ ಮ್ಯಾಲ ಹಲಗಿ ಹೊಡದು ಮುಚ್ಚಾಕತ್ತೀರಲ್ಲ, ಸತ್ತವರ ಮಾರಿಮ್ಯಾಲ ಅರಿವಿ ಎಳದಂಗಾತು ನನಗ.”

ಹಾಲೇಶಪ್ಪನಿಗೆ ಒರಳುಕಲ್ಲು ನೆನಪಾಯಿತು, ಯಾಕೋ. ಅವನಿಗೆ ನಾಚಿಕೆಯಾಯಿತು, ಆ ನಾಚಿಕೆಗಿಂತ ಹೆಚ್ಚಾಗಿ ದುಃಖವಾಯಿತು: ಎದುರಿಗೇ ಕುಳಿತು ದಿನವೂ ಗೋಡೆಯ ಬುಡ ನೋಡುತ್ತಿದ್ದ ಹೆಂಡತಿ ಕಲೆ ನೋಡಿ ಬೇಸರಪಡುತ್ತಿದ್ದಾಳೆಂದೇ ಅವನು ತಿಳಿದಿದ್ದ. ಎದ್ದು ಸ್ಕ್ರೂ ಒಂದೊಂದೇ ಬಿಚ್ಚಿದ. ಹಲಗೆಗಳನ್ನು ತಂದು ಊಟದ ಟೇಬಲ್ಲಿಗೆ ಒರಗಿಸಿದ. ಒಂದು ಜಾರಿತು, ಬೀಳದಿರಲೆಂದು ಅದನ್ನು ಟೇಬಲ್ಲಿನ ಮೇಲೆ ಮಲಗಿಸಿದ. ಕುರ್ಚಿಯಲ್ಲಿದ್ದ ಉಡಚವ್ವನ ಕೈಗೆ ಸಮನಾಗಿ ಅದು ಬಂದು ಕೂತಿತು.

ಇಬ್ಬರೂ ಅದನ್ನು ನೋಡಿದರು.

ಈ ಸಲ ಹಾಲೇಶಪ್ಪ ಕೇಳಿದ. “ಒಂದ ಮಾತ ಕೇಳ್ಲೇನು? ನೀ ಹೂಂ ಅಂದ್ರ ಮಾತ್ರ. ಇದರ ಮ್ಯಾಲ ಕಾರಣಿ ಬರೀತೀಯೇನು?”

ಉಡಚವ್ವ ಸಾಗವಾನಿಯ ಮೇಲೆ ಅಂಗೈ ಆಡಿಸಿದಳು. “ಮೊದಲ ಅಡಿ ನೆಲಕ್ಕ ಸರಿ ಮಾಡ್ರಿ. ಆಮ್ಯಾಲ ನೋಡೂಣು” ಎಂದಳು.

ನೆಲದ ಗೆರೆ ಹಿಡಿದು ಕೊಯ್ಯಲು ಹಾಲೇಶಪ್ಪನಿಗೆ ನಾಲ್ಕು ದಿನ ಹಿಡಿಯಿತು. ಕೈಗೆ ಎರಡು ಕಡೆ ಗಾಯ, ಸೊಂಟಕ್ಕೆ ಮುಲಾಮು, ಹಾಳಾದ ಹಲಗೆ ಇನ್ನೊಂದು. ಆದರೆ ಸಂದು ಮುಚ್ಚಿತು. ಐದನೆಯ ದಿನ ಶೈಲಾ ರಜೆ ಹಾಕಿ ಅತ್ತೆಗೆ ಕೆಮ್ಮಣ್ಣು ಅರೆದು ಕೊಟ್ಟಳು. ಒರೆಸಿದರೆ ಹೋಗದಿರಲೆಂದು ಅದಕ್ಕೆ ತುಸು ಅಂಟು ಬೆರೆಸಿದರು. ಮೊದಲ ಹಲಗೆಯಲ್ಲಿ ಉಡಚವ್ವನ ಗೆರೆ ನಡುಗಿತು. ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಎಳೆದಳು. ಎರಡನೆಯದಕ್ಕೆ ಕೈ ಹಳೆಯ ದಾರಿಗೆ ಬಂತು. ಬೊಟ್ಟು ಇಡುವಾಗ ಆಕೆ ಬಾಯಲ್ಲೇ ಏನೋ ಹಾಡಿಕೊಳ್ಳುತ್ತಿದ್ದಳಂತೆ. ಹಾಲೇಶಪ್ಪನಿಗೆ ಕೇಳಿಸಲಿಲ್ಲ, ಶೈಲಾ ಹೇಳಿದಳು.

ಹಬ್ಬದ ಹಿಂದಿನ ದಿನ ಹಲಗೆ ಕೂರಿಸುವಾಗ ರಹಿಮಾನಸಾಬ ನೋಡಲು ಬಂದ. ಸಾಗವಾನಿಗೆ ಕೆಮ್ಮಣ್ಣು ಬಳಿದದ್ದು ಕಂಡು ಅವನ ಮುಖ ಬಾಡಿತು, ಹತ್ತಿರ ಹೋಗಿ ಗೆರೆ ನೋಡಿದ ಮೇಲೆ ತಿಳಿಯಾಯಿತು. ಗೋಡೆಯ ಹಳೆಯ ಕೆಂಪನ್ನು ಹಾಲೇಶಪ್ಪ ಕೆರೆದಿರಲಿಲ್ಲ, ಅದರ ಮೇಲೆ ಸುಣ್ಣವನ್ನೂ ಹೊಡೆದಿರಲಿಲ್ಲ. ಹೊಸದರ ಹಿಂದೆ ಅದು ಹಾಗೆಯೇ ಇತ್ತು. ಸಾಬನಿಗೆ ಒಂದೇ ತಕರಾರು.

“ಸ್ಕ್ರೂ ಯಾಕ್ರಿ? ಹಿಂದ ಅಂಟು ಹಚ್ಚಿ ಒತ್ತಿಬಿಡ್ರಿ, ಶಾಶ್ವತ ಕುಂದರತೈತಿ.”

ಹಾಲೇಶಪ್ಪ ಮೊಣಕಾಲೂರಿ ಕುಳಿತಿದ್ದವನು ತಲೆಯೆತ್ತದೆ ಕೊನೆಯ ಸ್ಕ್ರೂ ತಿರುವಿದ.

“ಶಾಶ್ವತ ಬ್ಯಾಡ್ರಿ ಸಾಬರ. ಬರೋ ವರ್ಷ ಹಟ್ಟಿಹಬ್ಬಕ್ಕ ಬಿಚ್ಚಿ ಮತ್ತ ಟೇಬಲ್‌ಮ್ಯಾಲ ಇಡಬೇಕು. ಆಕಿ ಹೊಸಾದ ಬರೀತಾಳ.”